ನೀರಿನ ಮಾತ್ರೆ

ಹರಿಹರದ ನನ್ನ ಅಜ್ಜಿ ಕಣ್ಣಿನ ಪೊರೆ ತೆಗೆಸಲು ಹೊರಟಿದ್ದು ತಂಗಿಯ ಮೋಸ ಹಿಡಿಯಬೇಕೆಂದು. ಪಕ್ಕದ ಮನೆಯ ಆ ತಂಗಿ, ಅಂದರೆ ನಮ್ಮ ಚಿಕ್ಕಜ್ಜಿ, ದಿನಾ ಮಧ್ಯಾಹ್ನ ಪಡಸಾಲೆಗೆ ಬಂದು ಚೌಕಾಬಾರ ಆಡಿ, ದಿನಾ ಗೆದ್ದು ಹೋಗುತ್ತಿದ್ದಳು.

“ಮೂರು ಬಿದ್ರೆ ನಾಲ್ಕು ಅಂತಾಳೆ. ನನಗೆ ಕವಡೆ ಎಲ್ಲಾ ಅವಲಕ್ಕಿ ಚೆಲ್ಲಿದಂಗೆ ಕಾಣ್ತಾವೆ. ಏನಂತ ಜಗಳಾಡ್ಲಿ?” ಎಂದು ಅಜ್ಜಿ ನನ್ನ ಹತ್ತಿರ ದೂರುತ್ತಿದ್ದಳು.

ಆದರೆ ಬಿಪಿ ಇಳಿಯುವ ತನಕ ಆಪರೇಷನ್ ಇಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಅಜ್ಜಿಯ ಬಿಪಿ ಒಂದು ಮಾತ್ರೆಗೆ ಬಗ್ಗುವಂಥದ್ದಾಗಿರಲಿಲ್ಲ.

ತೊಂಬತ್ತರ ದಶಕದ ಕೊನೆ ಅದು. ನಾನು ದಾವಣಗೆರೆಯಲ್ಲಿ ಬಿ.ಎ. ಓದುತ್ತಿದ್ದೆ, ಓದಿದ್ದಕ್ಕಿಂತ ಚರ್ಚಾಸ್ಪರ್ಧೆಗಳಿಗೆ ಹೋಗಿದ್ದೇ ಹೆಚ್ಚು. ಅಜ್ಜಿಯನ್ನು ಬಸ್ಸಿನಲ್ಲಿ ಕರೆತಂದು ಅಲ್ಲಿನ ಕೆ.ಬಿ. ಬಡಾವಣೆಯ ಬಿಪಿ ಡಾಕ್ಟರಿಗೆ ತೋರಿಸುವ ಕೆಲಸ ನನ್ನದಾಯಿತು. ಅವರು ಹಳೆಯ ಮಾತ್ರೆಯ ಜೊತೆಗೆ ಇನ್ನೊಂದನ್ನು ಬರೆದರು. ನಾನು ಸುಮ್ಮನಿರಲಿಲ್ಲ.

“ಸಾರ್, ಮೊದಲನೇದು ಕೆಲಸ ಮಾಡಲ್ಲ ಅಂದ್ರೆ ಬಿಡಿಸ್ರಿ. ಮಾಡ್ತೈತೆ ಅಂದ್ರೆ ಅದನ್ನೇ ಜಾಸ್ತಿ ಕೊಡ್ರಿ. ಎರಡು ಯಾಕ?”

ಡಾಕ್ಟರು ಪೆನ್ನಿಗೆ ಕ್ಯಾಪು ಹಾಕಿದರು. “ಡಿಬೇಟಿಗೆ ನಿಮ್ಮ ಕಾಲೇಜಿಂದ ಎಷ್ಟು ಜನ ಹೋಗ್ತೀರವ್ವ?”

“ಇಬ್ರು. ಒಬ್ರು ಪರ, ಒಬ್ರು ವಿರೋಧ. ಇಬ್ಬರ ಅಂಕ ಕೂಡಿಸಿ ಶೀಲ್ಡ್ ಕೊಡ್ತಾರೆ.”

“ನೀನೊಬ್ಳೇ ಎರಡು ಪಟ್ಟು ಹೊತ್ತು ಮಾತಾಡಿದ್ರೆ ಎರಡು ಪಟ್ಟು ಅಂಕ ಬರ್ತಾವೇನು?”

“ಎಲ್ಲಿ ಬರ್ತಾವೆ? ಗಂಟೆ ಹೊಡೆದು ಕೆಳಗಿಳಿಸ್ತಾರೆ.”

“ಇದೂ ಹಂಗೇ. ಹಳೇದನ್ನ ಹೆಚ್ಚು ಮಾಡಿದ್ರೆ ಬಿಪಿ ಇಳಿಯೋದು ಸ್ವಲ್ಪ, ಕಾಲು ಬಾತುಕೊಳ್ಳೋದು ಜಾಸ್ತಿ. ಅದು ರಕ್ತನಾಳ ಸಡಿಲ ಮಾಡ್ತೈತೆ. ಇದು ಮೈಯಾಗಿನ ಹೆಚ್ಚಿನ ಉಪ್ಪು, ನೀರು ಹೊರಗೆ ಹಾಕ್ತೈತೆ. ದಾರಿ ಬ್ಯಾರೆ ಬ್ಯಾರೆ, ಅಂಕ ಕೂಡ್ತಾವೆ.”

ಉತ್ತರ ಚೆನ್ನಾಗಿತ್ತು, ಅದಕ್ಕೇ ನನಗೆ ಹಿಡಿಸಲಿಲ್ಲ. ನಮ್ಮಿಬ್ಬರ ವಾದದಲ್ಲಿ ಅಜ್ಜಿಗೆ ಏನೂ ತಿಳಿದಿರಲಿಲ್ಲ. ಬಸ್ಸಿನಲ್ಲಿ “ಎರಡನೇದು ಎಂಥದ್ದೇ?” ಎಂದಳು.

“ಅದಾ? ಬರೀ ನೀರಿನ ಮಾತ್ರೆ. ದಿನಾ ಬೆಳಿಗ್ಗೆ ಒಂದು” ಎಂದೆ.

ಮೂರು ವಾರ ಬಿಟ್ಟು ಹೋದರೆ ಬಿಪಿ ಇದ್ದಲ್ಲೇ ಇತ್ತು.

“ಒಂದಕ್ಕೆ ಹೆಚ್ಚು ಹೋಗ್ತೀರೇನಮ್ಮ?” ಎಂದು ಡಾಕ್ಟರು ಕೇಳಿದರು.

“ಹೂನ್ರಿ, ಬಚ್ಚಲಾಗೇ ಸಂಸಾರ ಹೂಡೀನಿ.”

ಡಾಕ್ಟರು ಹಣೆ ಕೆರೆದುಕೊಂಡರು. ನಾನು ಕಾದಿದ್ದ ಗಳಿಗೆ ಅದು. “ಸಾರ್, ನಿಮ್ಮ ಎರಡನೇ ಸ್ಪರ್ಧಿಗೆ ಸೊನ್ನೆ.”

“ಮನೀಗೆ ಹೋಗಿ ಮಾತ್ರೆ ಎಷ್ಟು ಉಳಿದಾವೆ ನೋಡಿ ಬಾ. ಆಮೇಲೆ ವಾದ ಮಾಡನ” ಎಂದರು ಅವರು.

ಹರಿಹರದ ಮನೆಯಲ್ಲಿ ಗೋಡೆಗೂಡಿನ ವಿಭೂತಿ ಗಟ್ಟಿಯ ಪಕ್ಕದಲ್ಲೇ ಮಾತ್ರೆಗಳಿದ್ದವು. ಹಳೆಯದರ ಹಾಳೆ ಮುಗಿಯುತ್ತ ಬಂದಿತ್ತು. ಹೊಸದರಲ್ಲಿ ಒಂದೂ ಒಡೆದಿರಲಿಲ್ಲ.

“ಅಜ್ಜಿ, ಇದನ್ನ ನುಂಗೇ ಇಲ್ಲಲ್ಲ?”

“ನೀನೇ ಬರೀ ನೀರಿನ ಮಾತ್ರೆ ಅಂದ್ಯಲ್ಲ. ಬರೀ ನೀರಿಗೆ ಮಾತ್ರೆ ಯಾಕ ಹಾಳು ಮಾಡ್ಲಿ? ನೀರೇ ಕುಡಿತೀನಿ. ಲಿಂಗಪೂಜೆ ಆದಮ್ಯಾಲೆ ಒಂದು ಚೊಂಬು. ಒಂದು ದಿನಾನೂ ತಪ್ಸಿಲ್ಲ.”

ಬಚ್ಚಲ ಸಂಸಾರದ ಗುಟ್ಟು ಆಗ ತಿಳಿಯಿತು. ನಾನು ಅಲ್ಲೇ ಗೋಡೆಗೊರಗಿ ನಗುತ್ತ ಕೂತೆ. ಅಜ್ಜಿ ಚೊಂಬನ್ನು ನೋಡಿದಳು, ನನ್ನನ್ನು ನೋಡಿದಳು, ತಾನೂ ನಕ್ಕಳು. ತಪ್ಪು ನನ್ನ ‘ಬರೀ’ಯದು. ಮರುದಿನ ಡಾಕ್ಟರ ಹತ್ತಿರ ಹೋಗಿ ಒಪ್ಪಿಕೊಂಡೆ.

“ಪಾಪ, ಅವನನ್ನ ವೇದಿಕೆನೇ ಹತ್ತಿಸದೆ ಸೊನ್ನೆ ಕೊಟ್ಟುಬಿಟ್ಯಲ್ಲವ್ವ” ಎಂದರು.

ಈ ಸಲ ಎರಡೂ ಮಾತ್ರೆ ಅಜ್ಜಿಯ ಹೊಟ್ಟೆಗೆ ಹೋದವು. ತಿಂಗಳೊಳಗೆ ಬಿಪಿ ಇಳಿಯಿತು, ಕಣ್ಣಿನ ಡಾಕ್ಟರು ಒಪ್ಪಿದರು, ಪೊರೆ ಹೋಯಿತು. ಕಣ್ಣು ವಾಸಿಯಾಗಿ ಆಟ ಮತ್ತೆ ಶುರುವಾದಾಗ ನಾನು ರಜೆಯಲ್ಲಿದ್ದೆ. ತೀರ್ಪುಗಾರಳಾಗಿ ನಾಲ್ಕು ದಿನ ಪಕ್ಕದಲ್ಲೇ ಕೂತೆ. ಚಿಕ್ಕಜ್ಜಿ ಒಂದು ಕಾಯಿಯನ್ನೂ ತಪ್ಪು ನಡೆಸಲಿಲ್ಲ. ನಾಲ್ಕು ದಿನವೂ ಅವಳೇ ಗೆದ್ದಳು.

“ಅಜ್ಜಿ, ಚಿಕ್ಕಜ್ಜಿ ಮೋಸ ಮಾಡಲ್ಲ. ಮೊದ್ಲೂ ನೀನೇ ತಪ್ಪು ಎಣಿಸಿರ್ತೀಯ” ಎಂದೆ.

“ಈಗ್ಯಾಕ ಮಾಡ್ತಾಳೆ? ನನಗೆ ಕಣ್ಣು ಬಂತಲ್ಲ” ಎಂದಳು ಅಜ್ಜಿ.

ಚಿಕ್ಕಜ್ಜಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ನಾನು ವಾದಕ್ಕೆ ಬಾಯಿ ತೆರೆದೆ.

“ಗಂಟೆ ಹೊಡೀತು, ಕೆಳಗಿಳಿ” ಎಂದು ಅಜ್ಜಿ ಕವಡೆ ಬೀಸಿದಳು. ನಾಲ್ಕೂ ಬೋರಲು ಬಿದ್ದವು.

“ಎಂಟು” ಎಂದರು ಅಕ್ಕ, ತಂಗಿ, ಒಟ್ಟಿಗೆ.