ದನಿ ಒಡೆಯುವ ಪೆಟ್ಟಿಗೆ

ಕೀಬೋರ್ಡಿನ ಗುಂಡಿ ಒತ್ತಿ ಗಿಟಾರಿನ ದನಿ ತೆಗೆಯುವವರನ್ನು ಕಂಡರೆ ಜಯಪಾಲನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತಿತ್ತು. ಉರಿಯಬೇಕಾದ್ದೇ. ತಂತಿಯ ಮೇಲೆ ಬೆರಳಿನ ತೊಗಲು ಸುಲಿಸಿಕೊಂಡವನ ಎದುರು ಒಬ್ಬ ಕೂತಲ್ಲೇ ಪ್ಲಾಸ್ಟಿಕ್ಕಿನ ಪಟ್ಟಿ ಒತ್ತಿ, ಅದೇ ದನಿ ಬಂತೆಂದು ನಕ್ಕರೆ ಯಾರು ಸಹಿಸಿಯಾರು? ಆದರೆ ಅವನ ಹಣೆಬರಹ ನೋಡಿ, ಅಂಥವನೊಬ್ಬ ಅವನ ತಂಡದಲ್ಲೇ ಇದ್ದ. ಹೆಸರು ಸುಜಿತ್. ಗಲ್ಫಿನ ಸಿಲಿಕಾನ್ ಓಯಸಿಸ್‌ನ ಕಂಪನಿಯೊಂದರಲ್ಲಿ ಅಕೌಂಟೆಂಟ್. ವಯಸ್ಸಿನಲ್ಲಿ ಚಿಕ್ಕವನು, ಮಾತಿನಲ್ಲಿ ಸಕ್ಕರೆ. ತಂಡದ ಯಜಮಾನಿಕೆಯೂ ಅವನದೇ.

ಜಯಪಾಲ ಕರಾವಳಿಯ ಹಳೆಯಂಗಡಿಯವನು. ಇಲ್ಲಿ ಅಲ್ ಕೂಸ್‌ನ ಗ್ಯಾರೇಜೊಂದರಲ್ಲಿ ಡೆಂಟಿಂಗ್ ಫೋರ್‌ಮನ್. ಗುದ್ದಿಸಿಕೊಂಡು ಬಂದ ಕಾರುಗಳ ತಗಡು ಬಡಿದು ನೆಟ್ಟಗೆ ಮಾಡುವ ಕೆಲಸ. ಆ ಬಡಿತದ ಮೇಲೆ ತನ್ನ ಮಾತು ಕೇಳಿಸಬೇಕೆಂದು ಕೂಗಿ ಕೂಗಿ ಗಂಟಲು ಹೇಗಾಗಿತ್ತೆಂದರೆ, ಮನೆಯಲ್ಲಿ ನೀರು ಕೇಳಿದರೂ ಪಕ್ಕದ ಫ್ಲಾಟಿನವರು ಜಗಳ ಶುರುವಾಯಿತೆಂದು ಟಿವಿ ಸಣ್ಣ ಮಾಡಿ ಕಿವಿ ಕೊಡುತ್ತಿದ್ದರು.

ಗಿಟಾರಿನ ಹುಚ್ಚು ಹಿಡಿದದ್ದು ಬೊಂಬಾಯಿಯಲ್ಲಿ. ಶಾಲೆ ಬಿಟ್ಟು ಅಲ್ಲಿನ ಗ್ಯಾರೇಜು ಸೇರಿದಾಗ ಹಿಂದಿನ ಶೆಡ್ಡಿನಲ್ಲಿ ಬಾಂದ್ರಾದ ಹುಡುಗರ ಬ್ಯಾಂಡೊಂದು ಪ್ರಾಕ್ಟೀಸು ಮಾಡುತ್ತಿತ್ತು. ಅವರಲ್ಲಿ ವಾಲ್ವ್ ರೇಡಿಯೊದ ಜಾತಿಗೇ ಸೇರಿದ, ಗಿಟಾರಿನ ದನಿ ದೊಡ್ಡದು ಮಾಡುವ ಹಳೆಯ ಆಂಪ್ಲಿಫೈಯರ್ ಇತ್ತು. ಸ್ವಿಚ್ ಹಾಕಿದ ಕೂಡಲೇ ಅದು ಮಾತಾಡುವುದಿಲ್ಲ. ಒಳಗಿನ ಗಾಜಿನ ವಾಲ್ವುಗಳು ಮೆಲ್ಲಗೆ ಕೆಂಪಾಗಿ, ಕಾದ ಧೂಳಿನ ವಾಸನೆ ಬಂದು, ಆಮೇಲೆ ಬಾಯಿ ಬಿಡುತ್ತದೆ. ಮೆತ್ತಗೆ ಮೀಟಿದರೆ ತಿಳಿಯಾದ ದನಿ. ಬಿಗಿದು ಮೀಟಿದರೆ ದನಿ ಅಂಚಿನಲ್ಲಿ ಒಡೆಯುತ್ತದೆ, ಎದೆ ತುಂಬಿ ಹಾಡುವವನ ಗಂಟಲು ಒಡೆದ ಹಾಗೆ. ಹಳೆಯ ರಾಕ್ ಸಂಗೀತದ ಜೀವವೇ ಆ ಒಡಕು. ಅದೇ ಶೆಡ್ಡಿನಲ್ಲಿ ಕದ್ದು ಕಲಿತು, ಜಯಪಾಲ ತನ್ನದೇ ಒಂದು ಟ್ಯೂನು ಕಟ್ಟಿದ. ಅವನ ಬದುಕಿನಲ್ಲಿ ಪೂರ್ತಿ ಅವನದೇ ಎನ್ನಬಹುದಾದದ್ದು ಅದೊಂದೇ. ಮಿಕ್ಕದ್ದೆಲ್ಲ ಬೇರೆಯವರ ಕಾರು, ಬೇರೆಯವರ ಬಿಲ್ಡಿಂಗು.

ಕನ್ನಡ ಸಂಘದ ವಾರ್ಷಿಕೋತ್ಸವ ನಡೆಯುವುದು ಅಬುಧಾಬಿಯಲ್ಲಿ. ತಂಡದ ಕೊನೆಯ ಹಾಡಿನ ನಡುವೆ ಆ ಟ್ಯೂನು ಬರುತ್ತದೆ. ಹಿಂದಿನ ವರ್ಷ ಬಾಡಿಗೆಗೆ ತಂದ, ವಾಲ್ವಿಲ್ಲದ ಟ್ರಾನ್ಸಿಸ್ಟರ್ ಆಂಪು ಲೋಟದಲ್ಲಿ ಸಿಕ್ಕಿಬಿದ್ದ ನೊಣದ ಹಾಗೆ ಗುಂಯ್‌ಗುಟ್ಟಿತು. ಜಯಪಾಲ ಸ್ಟೇಜಿನ ಮೇಲೆಯೇ ಅದನ್ನು ಒದ್ದ. ಅದು ಉರುಳಿ ಹೋಗಿ ಮುಖ್ಯ ಅತಿಥಿಗಳ ಕಾಲ ಬುಡದಲ್ಲಿ ನಿಂತಿತು.

ಅದನ್ನೇ ಹಿಡಿದುಕೊಂಡು, ಎರಡು ಸಾವಿರದ ಹದಿನಾಲ್ಕರ ಒಂದು ಶುಕ್ರವಾರದ ಪ್ರಾಕ್ಟೀಸಿನಲ್ಲಿ ಸುಜಿತ್ ಸಕ್ಕರೆಯಂಥ ಮಾತು ತೆಗೆದ.

"ಅಣ್ಣ, ಈ ಸಲ ಆ ಪೀಸು ನಾನೇ ಕೀಬೋರ್ಡಿನಲ್ಲಿ ಎಳೀತೇನೆ. ನೀವು ಆರಾಮ ರಿದಮ್ ಬಾರಿಸಿ."

"ನನ್ನ ಟ್ಯೂನು ನೀನು ಎಳೆಯುವುದಾ? ಎಮ್ಮೆ ಕಟ್ಟುವ ಹಗ್ಗವಾ ಮಾರಾಯ ಅದು?"

"ಕೋಪ ಬೇಡ ಅಣ್ಣ. ಬರುವ ಶುಕ್ರವಾರ ಸರಿಯಾದ ಸೌಂಡು ತನ್ನಿ, ಪೀಸು ನಿಮ್ಮದೇ. ಇಲ್ಲಾಂದ್ರೆ ಖಲಾಸ್. ಎಲ್ಲರ ಎದುರೇ ಹೇಳ್ತಿದ್ದೇನೆ."

ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ವೈರು ಸುತ್ತಿದರು. 

ಅಲ್ ನಹ್ದಾದ ಮನೆಯಲ್ಲಿ ಹೆಂಡತಿ ಹರಿಣಾಕ್ಷಿ ವಿಷಯ ಕೇಳಿ, "ಹೊಸದೇ ತೆಗೊಳ್ಳಿ. ಒದ್ದದ್ದನ್ನು ಊರೆಲ್ಲ ನೋಡಿದೆ, ಬಾಡಿಗೆಯವರು ಇನ್ನು ನಿಮಗೆ ಕೊಡುವುದಿಲ್ಲ," ಎಂದಳು. ಮಗಳು ಅಕ್ಷಿತಾ ಫೋನಿನಿಂದ ತಲೆ ಎತ್ತದೆ, "ಪಪ್ಪಾ, ಜಸ್ಟ್ ಯೂಸ್ ಹೆಡ್‌ಫೋನ್ಸ್," ಎಂದಳು.

"ಹೆಡ್‌ಫೋನು ಹಾಕಿ ಮದುವೆ ಊಟ ಮಾಡ್ತಾರಾ?" ಎಂದು ಜಯಪಾಲ ಕೂಗಿದ. ಪಕ್ಕದ ಫ್ಲಾಟಿನಲ್ಲಿ ಟಿವಿ ಸಣ್ಣಗಾಯಿತು.

ಗುರುವಾರ ಸಂಜೆ ಗಂಡ ಹೆಂಡತಿ ಆಂಪು ಕೊಳ್ಳಲು ದೇರಾಕ್ಕೆ ಹೊರಟರು. ರಸ್ತೆ ತುಂಬ ಶುಕ್ರವಾರದ ರಜೆಗೆ ಹೊರಟ ಕಾರುಗಳು. ಜಯಪಾಲನಿಗೆ ಆ ದಿನ ಟ್ರಾಫಿಕ್ಕಿನ ಮೇಲೂ ಸಿಟ್ಟಿಲ್ಲ. ಸ್ಟೇರಿಂಗಿನ ಮೇಲೆ ತಾಳ ಹಾಕುತ್ತ, ಬಾಯಲ್ಲೇ ಗಿಟಾರಿನ ಸದ್ದು ಮಾಡುತ್ತ, ಹಿಂದಿನವನು ಹಾರ್ನು ಹೊಡೆದರೆ ಅದನ್ನೂ ಶ್ರುತಿಗೆ ಸೇರಿಸಿಕೊಂಡ.

ಅಲ್ಲಿನ ಮಾಲೊಂದರ ವಾದ್ಯದ ಅಂಗಡಿಗೆ ಕಾಲಿಟ್ಟವನೇ ನಿಂತುಬಿಟ್ಟ. ಎದುರಿಗೇ ಇತ್ತು. ಎದೆಮಟ್ಟದ ಕಪ್ಪು ಆಂಪು. ಕೆಳಗೆ ನಾಲ್ಕು ಸ್ಪೀಕರಿನ ಒಡಲು, ಮೇಲೆ ವಾಲ್ವುಗಳಿರುವ ತಲೆ. ನೂರು ವಾಟಿನದು. ಬೊಂಬಾಯಿಯ ಶೆಡ್ಡಿನ ಗೋಡೆಗೆ ಆ ಹುಡುಗರು ಅಂಟಿಸಿದ್ದ ಚಿತ್ರದಲ್ಲಿ ಇದ್ದದ್ದು ಇಂಥದೇ.  ಹರಿಣಾಕ್ಷಿ ದಾರಿಯಲ್ಲಿ ಕೊಂಡಿದ್ದ ತರಕಾರಿಯ ಚೀಲ ಇಸಿದುಕೊಂಡು, ಪಕ್ಕದಲ್ಲಿ ಸಿಕ್ಕಿದ ಕಂದು ಬಣ್ಣದ ಪುಟ್ಟ ಪೆಟ್ಟಿಗೆಯೊಂದರ ಮೇಲಿಟ್ಟು, ಹೆಗಲಿನ ಗಿಟಾರು ಬಿಚ್ಚಿದ.

"ಇವರೇ, ಒಮ್ಮೆ ಉಸಿರು ಬಿಡಿ," ಎಂದಳು ಹರಿಣಾಕ್ಷಿ.

ಕೌಂಟರಿನ ಹುಡುಗಿಯ ಮುಖ ಅರಳಿತು. "ಅಕ್ಕ, ಊರ ಕಡೆಯವರಾ? ನಾನು ಶಿರ್ವದವಳು. ಕ್ಲಾರಾ."

"ಅಯ್ಯೋ, ನಮ್ಮವಳೇ! ನಾವು ಹಳೆಯಂಗಡಿ. ಇವರಿಗೆ ಒಂದು ಆಂಪು ಬೇಕಂತೆ ಮಾರಾಯ್ತಿ. ಬೇಗ ಕೊಟ್ಟುಬಿಡು, ಇಲ್ಲದಿದ್ರೆ ಇಲ್ಲೇ ಕುಣೀತಾರೆ."

ಕ್ಲಾರಾ ದೊಡ್ಡದಕ್ಕೆ ವೈರು ಚುಚ್ಚಿಕೊಟ್ಟಳು. "ಅಣ್ಣ, ವಾಲ್ಯೂಮನ್ನು ಎರಡಕ್ಕಿಂತ ಮೇಲೆ ತಿರುಗಿಸ್ಬೇಡಿ. ಗೋಡೆಯಾಚೆ ಅತ್ತರಿನ ಅಂಗಡಿ. ಮೊನ್ನೆ ಒಬ್ಬರು ನಾಲ್ಕಕ್ಕೆ ತಿರುಗಿಸಿ, ಅವರ ಬಾಟ್ಲಿ ಬಿದ್ದು, ಮಾಲಿಗೆಲ್ಲ ಊದು ಅತ್ತರಿನ ವಾಸನೆ."

ಜಯಪಾಲ ಕಣ್ಣು ಮುಚ್ಚಿ ಮೀಟಿದ. ದನಿ ಬಂತು. ದುಂಡಗೆ, ಸ್ವಚ್ಛವಾಗಿ, ಬೆಣ್ಣೆಯ ಹಾಗೆ. ಮತ್ತೆ ಬಿಗಿದು ಮೀಟಿದ. ಮತ್ತೂ ಬೆಣ್ಣೆಯೇ. ಮೂರನೇ ಸಲಕ್ಕೆ ತಂತಿ ಹರಿಯುವ ಹಾಗೆ ಮೀಟಿದ. ಆಂಪು ಮರ್ಯಾದಸ್ಥನ ಹಾಗೆ ಮಾತಾಡಿತು, ಅಷ್ಟೇ.

"ಇದು ಹಾಳಾಗಿದೆ," ಎಂದ.

"ಹಾಳಾಗ್ಲಿಲ್ಲ ಅಣ್ಣ. ಇದಕ್ಕೆ ಶಕ್ತಿ ಜಾಸ್ತಿ. ವಾಲ್ವಿಗೆ ಸುಸ್ತಾದ್ರೆ ಮಾತ್ರ ದನಿ ಒಡೀತದೆ. ಇದಕ್ಕೆ ಸುಸ್ತಾಗ್ಬೇಕಾದ್ರೆ ಏಳೆಂಟಕ್ಕೆ ತಿರುಗಿಸ್ಬೇಕು."

"ಮತ್ತೆ ತಿರುಗಿಸ್ಲಿಕ್ಕೆ ಬಿಡುವುದಿಲ್ಲ ಅಂದ್ರೆ ಇಲ್ಲಿ ಯಾಕೆ ಇಟ್ಟದ್ದು? ಪೂಜೆ ಮಾಡ್ಲಿಕ್ಕಾ?"

"ಆ ಹುಡುಗಿಗೆ ಯಾಕೆ ಬೈತೀರಿ?" ಹರಿಣಾಕ್ಷಿ ನಡುವೆ ಬಂದಳು. "ಇದನ್ನು ಮನೆಗೆ ತಂದ್ರೆ ನೀವು ಎಷ್ಟಕ್ಕೆ ತಿರುಗಿಸ್ತೀರಿ? ಎರಡಕ್ಕೇ ಕೆಳಗಿನವರು ಪೊರಕೆಕೋಲಿನಲ್ಲಿ ಸೀಲಿಂಗಿಗೆ ಕುಟ್ತಾರೆ."

"ಸ್ಟೇಜಿನಲ್ಲಿ ತಿರುಗಿಸ್ತೇನೆ! ಸುಜಿತ್ ನೋಡ್ಬೇಕು ಇದನ್ನ."

"ಅವನು ನೋಡ್ಬೇಕಾ, ಕೇಳ್ಬೇಕಾ?"

 ಹರಿಣಾಕ್ಷಿ ಅವನ ಭುಜ ಹಿಡಿದು ಪಿಟೀಲುಗಳನ್ನು ತೂಗುಹಾಕಿದ್ದ ಗೋಡೆಯ ಕಡೆಗೆ ತಿರುಗಿಸಿದಳು. "ನೀವು ಆಚೆ ನೋಡಿ ಬಾರಿಸಿ. ಕ್ಲಾರಾ, ನೀನು ಒಂದೊಂದಕ್ಕೇ ವೈರು ಚುಚ್ಚು. ಯಾವುದು ಅಂತ ಹೇಳ್ಬೇಡ."

ಹೆಂಡತಿಯ ಮಾತಿಗೆ ಪಾಠ ಒಪ್ಪಿಸದ ಹುಡುಗನ ಹಾಗೆ ಗೋಡೆಗೆ ಮುಖ ಮಾಡಿ ನಿಂತ ಐವತ್ತರ ಹತ್ತಿರದ ಗಂಡಸನ್ನು ನೋಡಿ ಅಂಗಡಿಗೆ ಬಂದಿದ್ದವರೆಲ್ಲ ನಿಂತರು. ನಿಲ್ಲಲಿ, ನೋಡಲಿ. ಅವನಿಗೆ ಅದರ ಪರಿವೆ ಇರಲಿಲ್ಲ.

ಮೊದಲನೆಯದು. "ಚಂದ ಉಂಟು, ಹಲ್ಲಿಲ್ಲ. ಮುಂದೆ."

ಎರಡನೆಯದರಲ್ಲಿ ಒಡಕಿತ್ತು, ಆದರೆ ಮೆತ್ತಗೆ ಮೀಟಿದರೂ ಅಷ್ಟೇ ಒಡಕು, ಬಿಗಿದು ಮೀಟಿದರೂ ಅಷ್ಟೇ. "ಇದು ಸುಜಿತನ ತಮ್ಮ! ತೆಗಿ, ತೆಗಿ!"

ಮೂರನೆಯದು. ಮೆತ್ತಗೆ ಒಂದು ತಂತಿ ಮುಟ್ಟಿದ. ತಿಳಿಯಾದ ದನಿ. ಬಿಗಿದು ಮೀಟಿದ.

ದನಿ ಒಡೆಯಿತು.

ಅಂಚಿನಲ್ಲಿ, ಎಲ್ಲಿ ಒಡೆಯಬೇಕೋ ಅಲ್ಲೇ.  ಜಯಪಾಲ ಬೆರಳನ್ನು ಸಡಿಲ ಬಿಟ್ಟ, ದನಿ ತಿಳಿಯಾಯಿತು. ಒತ್ತಿದ, ಒರಟಾಯಿತು. ತಂತಿಯನ್ನು ಎಳೆದು ಹಿಡಿದ. ದನಿ ಅಲ್ಲೇ ನಿಂತು ಅತ್ತಿತು, ನಕ್ಕಿತು, ಬೈಯಿತು. ಅವನು ಬೈದರೆ ಅದೂ ಬೈಯುತ್ತಿತ್ತು! ಇಷ್ಟು ವರ್ಷ ತಲೆಯೊಳಗೆ ಮಾತ್ರ ಕೇಳುತ್ತಿದ್ದ ದನಿ ಈಗ ಬೆನ್ನ ಹಿಂದಿನಿಂದ ಬಂದು ಪಕ್ಕೆಲುಬಿಗೆ ಬಡಿಯುತ್ತಿತ್ತು.

"ಇದೇ! ಹರಿಣಾ, ಇದೇ! ಯಾವುದಿದು?"

ತಿರುಗಿ ನೋಡಿದ. ವೈರು ಹೋಗಿದ್ದದ್ದು ತರಕಾರಿ ಚೀಲ ಇಟ್ಟಿದ್ದ ಕಂದು ಪೆಟ್ಟಿಗೆಗೆ.

ಅವನ ಮುಖ ಇಳಿಯಿತು. "ಇದಾ?"

"ಐದು ವಾಟು ಅಣ್ಣ," ಎಂದಳು ಕ್ಲಾರಾ. "ಬೇಗ ಸುಸ್ತಾಗ್ತದೆ, ಅದಕ್ಕೇ ಬೇಗ ಒಡೀತದೆ. ಸ್ಟೇಜಿನಲ್ಲಿ ಎದುರಿಗೊಂದು ಮೈಕ್ ಇಡಿ, ಸಾಕು."

ಜಯಪಾಲ ದೊಡ್ಡದನ್ನು ನೋಡಿದ, ಚಿಕ್ಕದನ್ನು ನೋಡಿದ. ಜೀವಮಾನವಿಡೀ ಕಾರಿನ ಮೈ ನೋಡಿ ಬೆಲೆ ಕಟ್ಟಿದವನು. ದೊಡ್ಡದರ ಹತ್ತಿರ ಹೋಗಿ ಅದರ ಕಪ್ಪು ಹೊದಿಕೆಯ ಮೇಲೆ ಕೈಯಾಡಿಸಿದ. ಆಮೇಲೆ ವಾಪಸು ಬಂದು ಚಿಕ್ಕದರ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತನ್ನ ಟ್ಯೂನನ್ನು ಮೊದಲಿನಿಂದ ಕೊನೆಯವರೆಗೆ ಬಾರಿಸಿದ. ಎದ್ದಾಗ ಕಣ್ಣು ಒದ್ದೆಯಾಗಿತ್ತು.

"ಕಟ್ಟಿಕೊಡು ಮಾರಾಯ್ತಿ," ಎಂದ. "ಬೇಗ. ನನ್ನ ಮನಸ್ಸು ಬದಲಾಗುವ ಮೊದಲು."

ಶುಕ್ರವಾರ ಮಧ್ಯಾಹ್ನ ಸುಜಿತನ ಟವರಿನ ಪಾರ್ಟಿ ಹಾಲಿನಲ್ಲಿ ಪ್ರಾಕ್ಟೀಸು. ಜಯಪಾಲ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಹಿಡಿದು ಒಳಗೆ ಬಂದ. ಡ್ರಮ್ಮಿನ ಹಿಂದಿದ್ದ ಹರ್ಷಿತ್ ಮೊದಲು ನಕ್ಕ.

"ಅಣ್ಣ, ಊಟ ಬಿಸಿ ಮಾಡುವ ಓವನ್ನಾ ಇದು?" ಎಂದ ಸುಜಿತ್. "ಸೌಂಡು ತರ್ತೇನೆ ಅಂದಿದ್ರಿ, ಟಿಫಿನ್ ತಂದಿದ್ದೀರಿ."

ಹಾಲೆಲ್ಲ ನಗು.  ಜಯಪಾಲ ನಾಲಿಗೆಯ ತುದಿಗೆ ಬಂದ ತುಳುವಿನ ಬೈಗುಳವನ್ನು ಹಲ್ಲಿನ ಹಿಂದೆ ಹಿಡಿದು ಸ್ವಿಚ್ ಹಾಕಿದ. ಪೆಟ್ಟಿಗೆ ಮಾತಾಡಲಿಲ್ಲ. ವಾಲ್ವು ಕಾಯಬೇಕಲ್ಲ. ಅವನೂ ಅದೂ ಒಟ್ಟಿಗೇ ಕಾದರು.

ಹಾಡು ಶುರುವಾಯಿತು. ಅವನ ಜಾಗ ಬಂತು. ಬಾರಿಸಿದ. ಏನೂ ಕೇಳಲಿಲ್ಲ! ಹರ್ಷಿತನ ಡ್ರಮ್ಮು ಆ ಪೆಟ್ಟಿಗೆಯ ದನಿಯನ್ನು ಪೂರ್ತಿ ನುಂಗಿಹಾಕಿತು. ಸುಜಿತ್ ಅವನ ಕಡೆ ನೋಡಿ ಪಾಪ ಎಂಬಂತೆ ತಲೆಯಾಡಿಸಿ, ಎರಡೂ ಕೈಯನ್ನು ಕೀಬೋರ್ಡಿಗೆ ತಂದ. ಆ ಟ್ಯೂನಿನ ಮೊದಲ ಸ್ವರ, ಪ್ಲಾಸ್ಟಿಕ್ಕಿನ ಗಿಟಾರಿನ ದನಿಯಲ್ಲಿ, ಹಾಲಿನ ದೊಡ್ಡ ಸ್ಪೀಕರುಗಳಲ್ಲಿ ಕೇಳಿತು.

ಜಯಪಾಲನ ಬಲಗಾಲು ತಾನಾಗಿ ಮೇಲೆದ್ದಿತು. ಪೆಟ್ಟಿಗೆ ಎದುರಿಗೇ ಇತ್ತು. ಒದ್ದರೆ ಅಲ್ಲಿಗೆ ಮುಗಿಯಿತು. ಆ ಕಾಲನ್ನು ಅವನು ಹೇಗೆ ಕೆಳಗಿಟ್ಟನೋ ಅವನಿಗೇ ಗೊತ್ತಿಲ್ಲ. ಇಟ್ಟವನೇ ಎರಡು ಹೆಜ್ಜೆ ಮುಂದೆ ಹೋಗಿ, ಸುಜಿತನ ಬಾಯಿಯ ಮುಂದಿದ್ದ ಹಾಡುವ ಮೈಕನ್ನು ಸ್ಟ್ಯಾಂಡ್ ಸಮೇತ ಎಳೆದು ತಂದು ಪೆಟ್ಟಿಗೆಯ ಎದುರು ಊರಿದ.

"ಅಣ್ಣ, ಎಂತ ಮಾಡ್ತೀರಿ!"

"ಬಾಯಿ ಮುಚ್ಚು, ಕಿವಿ ತೆರೆ!"

ಪೆಟ್ಟಿಗೆಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ಅಂಗಡಿಯಲ್ಲೂ ಅಷ್ಟು ತಿರುಗಿಸಿರಲಿಲ್ಲ. ಬಾರಿಸಿದ.

ಹಾಲಿನ ಗಾಜುಗಳು ಝಣ್ ಎಂದವು. ದೊಡ್ಡ ಸ್ಪೀಕರುಗಳಿಂದ ಆ ಪುಟ್ಟ ಪೆಟ್ಟಿಗೆಯ ಒಡೆದ ಗಂಟಲು, ಸುಸ್ತಾಗಿ, ಸುಸ್ತಾದಷ್ಟೂ ಕೆರಳಿ, ಡ್ರಮ್ಮನ್ನು ಹತ್ತಿ ಸವಾರಿ ಮಾಡಿತು. ಹರ್ಷಿತ್ ಹಲ್ಲು ಕಿರಿದು ಇನ್ನೂ ಜೋರಾಗಿ ಬಾರಿಸಿದ. ಜಯಪಾಲ ಟ್ಯೂನು ಮುಗಿಸಿದ, ಮುಗಿದದ್ದು ಸಾಲದೆ ಮತ್ತೊಮ್ಮೆ ಶುರುಮಾಡಿದ, ಈ ಸಲ ಎಂದೂ ಬಾರಿಸದ ತಿರುವುಗಳನ್ನು ಸೇರಿಸಿ. ಸುಜಿತನ ಕೈಗಳು ಕೀಬೋರ್ಡಿನ ಮೇಲೆ ಗಾಳಿಯಲ್ಲಿ ನಿಂತಿದ್ದವು. ಮೆಲ್ಲಗೆ ಕೆಳಗಿಳಿದು ಅವನ ಜೇಬು ಸೇರಿದವು.

 ಸುಜಿತನಿಗೆ ಹೇಳಬೇಕೆಂದು ಜಯಪಾಲ ವಾರವಿಡೀ ಮಾತು ಮಸೆದು ಇಟ್ಟುಕೊಂಡಿದ್ದ. ಒಳ್ಳೊಳ್ಳೆಯ ಮಾತುಗಳು, ನೆಟ್ಟಗೆ ನಾಟುವಂಥವು. ಆದರೆ ಸುಜಿತ್ ತನ್ನ ಕೀಬೋರ್ಡಿನ ಸ್ಟ್ಯಾಂಡನ್ನು ಗರಗರ ಎಳೆದುಕೊಂಡು ಬದಿಗೆ ಹೋದ. ನಡುವಿನ ಜಾಗ ಖಾಲಿಯಾಯಿತು.

"ಇಲ್ಲಿ ಬನ್ನಿ ಅಣ್ಣ," ಎಂದ. "ಅಬುಧಾಬಿಯಲ್ಲೂ ಇಲ್ಲೇ ನಿಲ್ಲಿ. ನನಗೆ ಹಾಡ್ಲಿಕ್ಕೆ ಬೇರೆ ಮೈಕ್ ತರಿಸ್ತೇನೆ."

ಜಯಪಾಲ ಪೆಟ್ಟಿಗೆಯನ್ನು ಎತ್ತಿ ನಡುವೆ ಇಟ್ಟ. ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾಗಿತ್ತು. ಮಸೆದಿಟ್ಟ ಮಾತಿನಲ್ಲಿ ಒಂದಾದರೂ ಆಡೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಹರ್ಷಿತ್ ಕೋಲು ಕುಟ್ಟಿ ತಾಳ ಕೊಟ್ಟುಬಿಟ್ಟಿದ್ದ.

"ಯಲ್ಲಾ, ನಡೀಲಿ!" ಎಂದು ಕೂಗಿ ಜಯಪಾಲ ತಂತಿಗೆ ಕೈಹಾಕಿದ.