ಓದಿದ್ದನ್ನೇ ಬರೆಯುವ ಜಟ್ಟ

ಅವರ್ಸಾದ ಜಟ್ಟ ಕಾರವಾರದ ಬಂದರಿನಲ್ಲಿ ಬೋಟುಗಳಿಗೆ ಹೆಸರು ಬರೆಯುತ್ತಾನೆ. ಬರೆಯುವ ಮುಂಚೆ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿ ಕೈಮುಗಿಯುತ್ತಾನೆ. ಓದಲು ಬಾರದ್ದನ್ನು ಬರೆಯುವುದಿಲ್ಲ. ಸ್ಟಿಕರ್ ಬಂದ ಮೇಲೆ ಬೋಟಿನವರು ಒಬ್ಬೊಬ್ಬರಾಗಿ ಅತ್ತ ಸರಿದರು. ಉಳಿದವನು ದೇವಾನಂದ ಒಬ್ಬನೇ.

ಆ ದೇವಾನಂದ ಈ ಸಲ ಒಂದು ಕಾಗದದ ಸುರುಳಿ ತಂದು ಬಿಚ್ಚಿದ. ಹಡಗಿನಲ್ಲಿ ಕೆಲಸಕ್ಕಿರುವ ಮಗ ರೂಪೇಶ ಚೀನಾದಿಂದ ತಂದದ್ದು. ದಾಸವಾಳಕ್ಕೂ ಎಲೆಕೋಸಿಗೂ ಸಂಬಂಧ ಬೆಳೆದಂಥ ಹೂವು, ಪಕ್ಕದಲ್ಲಿ ಮೇಲಿಂದ ಕೆಳಗೆ ಚೀನೀ ಅಕ್ಷರ, ಅಡಿಗೆ ಒಂದು ಕೆಂಪು ಚೌಕ.

"ಹೊಸ ಬೋಟಿಗೆ ಇದನ್ನೇ ಬರ್ದುಕೊಡು."

ಜಟ್ಟ ತುಂಬ ಹೊತ್ತು ನೋಡಿದ. ಒಂದೆಸಳಿಗೆ ಒಂದೇ ಎಳೆತ. ಹೂ ಬಿಡಿಸಿದ ಕುಂಚದಲ್ಲೇ ಅಕ್ಷರವನ್ನೂ ಎಳೆದಿದ್ದಾನೆ ಪುಣ್ಯಾತ್ಮ.

"ಹೂ ಆಗ್ತದೆ. ಅಕ್ಷರ ಎಂತದು?"

"ಯಾರಿಗೆ ಗೊತ್ತು?"

"ಬೈಗುಳ ಆದ್ರೆ? ಅದ್ನ ಹೊತ್ಕಂಡು ಸಮುದ್ರಕ್ಕೆ ಹೋಗ್ತ್ಯಾ, ದೇವಾನಂದಣ್ಣ?"

"ನೀ ಬರೀದಿದ್ರೆ ಸ್ಟಿಕರಿನವ ಬಾಯ್ಮುಚ್ಕಂಡು ಅಂಟಿಸ್ತಾನೆ. ನಾಳೆ ಸಂಜೆ ಬೋಟು ನೀರಿಗಿಳೀತದೆ, ಅಲ್ಲಿವರೆಗೆ ನೋಡ್ತೆ."

ಮೊಬೈಲಿಗೆ ತೋರಿಸಿದರೆ ಅದು "ಒದ್ದೆ ಮಂಗಳವಾರ" ಎಂದು ಓದಿತು. ತಿರುಗಿಸಿ ಹಿಡಿದರೆ "ಅತ್ತೆ ಕುದುರೆ". ಜಟ್ಟ ಸುರುಳಿ ಹಿಡಿದು ಅಂಕೋಲೆಗೆ ಹೋಗಿ, ಚೈನೀಸ್ ಗಾಡಿಯ ನೇಪಾಳಿ ಅಡುಗೆಯವನನ್ನು ಕೇಳಿದ.

"ನಾನು ಚೈನೀಸ್ ಮಾಡ್ತೇನೆ, ಓದೋದಿಲ್ಲ," ಎಂದ ಅವನು.

ಜಟ್ಟನಿಗೆ ಅವನ ಮೇಲೆ ಗೌರವ ಬಂತು.

ಮರುದಿನ ಹೂ ಮುಗಿಯಿತು, ಪಕ್ಕದ ಜಾಗ ಖಾಲಿ ಉಳಿಯಿತು. ದೇವಾನಂದ ಸಿಟ್ಟಿನಲ್ಲಿ ಮಗನಿಗೆ ಫೋನ್ ಹಚ್ಚಿ, ಎಂತ ಬರೆದಿದೆ ಎಂದು ಕೇಳಿದ.

"ಬರೆಂ, ಬಾಬಾ, ಬರೆಂ!" ಎಂದಿತು ಅತ್ತಲಿನ ದನಿ.

"ಬರೆ ಅಂತಾನೆ. ಎಂತ ಬರೀಬೇಕು ಅಂತ ಹೇಳೂದಿಲ್ಲ," ಎಂದ ಜಟ್ಟ. ಬಂದರಿನಲ್ಲೇ ತಲೆ ನೆರೆದವನಿಗೆ ಕೊಂಕಣಿ ಬಾರದೆ ಇರಲಿಲ್ಲ.

"ನಮ್ಮ ಕೊಂಕಣಿ ಬರೆಂ, ಒಳ್ಳೇದು ಅಂತ, ಮಾರಾಯಾ!" ದೇವಾನಂದ ಮಗನ ಉಳಿದ ಮಾತನ್ನೂ ಕೇಳಿಕೊಂಡು ಫೋನ್ ಇಟ್ಟ. "ಒಳ್ಳೇದಾಗಲಿ ಅಂತಂತೆ. ಆ ಕೆಂಪಿಂದು ಬರ್ದವನ ಹೆಸರಂತೆ. ಸಾಕಾ?"

ಸಾಕಾಯಿತು. ಜಟ್ಟ "ಒಳ್ಳೇದಾಗಲಿ" ಎಂದು ಗಟ್ಟಿಯಾಗಿ ಓದಿ ಕೈಮುಗಿದ. ಹೂವಿನ ಕುಂಚದಲ್ಲೇ, ಮೇಲಿಂದ ಕೆಳಗೆ, ಕನ್ನಡದಲ್ಲಿ ಬರೆದ. ಅಡಿಗೆ ಕೆಂಪು ಚೌಕ ಹಾಕಿ ಅದರೊಳಗೆ, ಜನ್ಮದಲ್ಲಿ ಮೊದಲ ಸಲ, ತನ್ನ ಹೆಸರು ಬರೆದ.

ದೇವಾನಂದ ಮೇಲಿಂದ ಓದುತ್ತ ಬಂದ. "ಒಳ್ಳೇದಾಗಲಿ ಜಟ್ಟ." ಇನ್ನೊಮ್ಮೆ ಓದಿದ. "ಬೋಟು ನಂದು, ಆಶೀರ್ವಾದ ನಿಂಗನಾ?"

"ಸುರುಳಿಯಲ್ಲಿ ಹಾಂಗೇ ಇದೆ, ಅಣ್ಣ."

ಅಳಿಸು ಎನ್ನಲು ದೇವಾನಂದ ಬಾಯಿ ತೆರೆದ. ಬೋಟು ನೀರಿಗಿಳಿಯುವ ಹೊತ್ತಿಗೆ ಒಳ್ಳೆಯ ಮಾತನ್ನು ಅಳಿಸಿದವರಿಲ್ಲ. ಬಾಯಿ ಮುಚ್ಚಿಕೊಂಡು ತೆಂಗಿನಕಾಯಿ ಒಡೆದ.