ಗೆರೆ ದಾಟದ ಎರಡು ಬಸ್ಸು

ಲೆಕ್ಕದಕ್ಕನ ಬಲಗೈ ಹೆಬ್ಬೆರಳು ನೋಡಿದರೆ ಸಾಕು, ಅವಳ ಕಸುಬು ಗೊತ್ತಾಗುತ್ತದೆ. ತುದಿ ಗಟ್ಟಿಯಾಗಿ ಹಿಮ್ಮಡಿಯ ಹಾಗಾಗಿದೆ. ಹದಿನಾಲ್ಕು ವರ್ಷದಿಂದ ಅದಕ್ಕೆ ಒಂದೇ ಕೆಲಸ, ಒತ್ತುವುದು. ರಸ್ತೆ ಸಂಚಾರದ ಬಗ್ಗೆ ಸಂಶೋಧನೆ ಮಾಡುವ ಕಚೇರಿಯಲ್ಲಿ ಅವಳು ವಾಹನ ಎಣಿಸುವವಳು. ಸಿಗ್ನಲ್ ಪಕ್ಕ ಮಡಿಸುವ ಕುರ್ಚಿ ಹಾಕಿಕೊಂಡು ರಸ್ತೆಯ ಮೇಲಿನ ಬಿಳಿ ಗೆರೆಯನ್ನೇ ನೋಡುತ್ತ ಕೂರಬೇಕು. ಕಾರೋ ಬೈಕೋ ಗೆರೆ ದಾಟಿತೆಂದರೆ ಕೈಯಲ್ಲಿನ ಪುಟ್ಟ ಯಂತ್ರವನ್ನು ಟಕ್ ಎಂದು ಒತ್ತಬೇಕು. ಬಸ್ಸು, ಲಾರಿ ದಾಟಿದರೆ ತೊಡೆಯ ಮೇಲಿನ ಹಾಳೆಯಲ್ಲಿ ಗೀಟು ಹಾಕಬೇಕು. ಗಂಟೆಗೊಂದು ಹಾಳೆ, ಹಾಳೆಯ ಕೆಳಗೆ ಸಹಿ.

ಇದೇನು ಮಹಾ ಕೆಲಸ ಎಂದು ಮೂಗು ಮುರಿಯುವವರು ಒಂದು ಗಂಟೆ ಕೂತು ನೋಡಲಿ! ಮೂಗಿನ ಮೇಲೆ ನೊಣ ಕೂತರೂ ಗೆರೆಯಿಂದ ಕಣ್ಣು ಕೀಳುವ ಹಾಗಿಲ್ಲ. ಆಚೀಚೆ ನೋಡಿದಿರೋ, ಎರಡು ಬೈಕು ಹೋಗಿಯೇಬಿಟ್ಟವು. ಲೆಕ್ಕದಕ್ಕ ಆಚೀಚೆ ನೋಡುವವಳೇ ಅಲ್ಲ. ಅವಳ ಹಾಳೆಯನ್ನು ಯಾರೂ ಮರುಪರಿಶೀಲನೆ ಮಾಡುತ್ತಿರಲಿಲ್ಲ. ಆ ಹೆಮ್ಮೆ ಅವಳ ನಡಿಗೆಯಲ್ಲೇ ಕಾಣುತ್ತಿತ್ತು.

ಗಂಡ ಸಿಟಿ ಬಸ್ಸಿನ ಡ್ರೈವರು. ಹತ್ತೊಂಬತ್ತು ವರ್ಷದಲ್ಲಿ ಒಬ್ಬರಿಗೂ ಬಸ್ಸು ತಾಗಿಸಿದವನಲ್ಲ. ಆರು ತಿಂಗಳ ಹಿಂದೆ ಅವನನ್ನು ಆಸ್ಪತ್ರೆ ರಸ್ತೆಯ ಬಸ್ಸಿಗೆ ಹಾಕಿದರು. ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ. ದಿನಾ ಬೆಳಿಗ್ಗೆ ಬಸ್ಸು ತಡ. ದಿನಾ ಡಿಪೋದಲ್ಲಿ ಬೈಗುಳ.

"ಸಿಗ್ನಲ್‌ಗೆ ಮೊದಲಿನ ಆ ತಿರುವಿನ ಹಿಂದೆ ಹದಿನೈದು ನಿಮಿಷ ನಿಂತಲ್ಲೇ ನಿಂತಿರ್ತೀನಿ ಕಣೇ" ಎಂದು ಅವನು ಗೋಳು ಹೇಳಿಕೊಂಡರೆ ಇವಳು ನಗುತ್ತಿದ್ದಳು.

"ಸುಮ್ನಿರ‍್ರೀ! ಆ ರಸ್ತೇನ ಹೋದ ವರ್ಷ ಮೂರು ದಿನ ಕೂತು ಎಣಿಸಿದೋಳು ನಾನು. ಬೆಳಿಗ್ಗೆ ಎಂಟರಿಂದ ಒಂಬತ್ತಕ್ಕೆ ಬರೋದೇ ಇನ್ನೂರ ಚಿಲ್ಲರೆ ಗಾಡಿ. ನೀವು ಎಲ್ಲೋ ಟೀ ಕುಡೀತಾ ನಿಂತಿರ್ತೀರ."

ಗಂಡನ ಮಾತಿಗಿಂತ ತನ್ನ ಹಾಳೆಯ ಮೇಲೆ ನಂಬಿಕೆ ಹೆಚ್ಚು! ಅವನೂ ಪಾಪ, ಆರು ತಿಂಗಳು ಅದನ್ನು ಹೊಟ್ಟೆಗೆ ಹಾಕಿಕೊಂಡ.

ಒಂದು ಸೋಮವಾರ ಸಂಜೆ ಅವನು ಚಪ್ಪಲಿಯನ್ನೂ ಬಿಡದೆ ಬಂದು ಕುರ್ಚಿಯಲ್ಲಿ ಕುಸಿದ. ಕೈಯಲ್ಲಿ ಮೂರನೇ ನೋಟಿಸು. ಶುಕ್ರವಾರ ಹನ್ನೊಂದಕ್ಕೆ ವಿಚಾರಣೆ, ತಡಕ್ಕೆ ಸರಿಯಾದ ಕಾರಣ ಕೊಡದಿದ್ದರೆ ಸ್ಟೀರಿಂಗ್ ಬಿಡಿಸಿ ಡಿಪೋದ ಗೇಟಿನಲ್ಲಿ ಕೂರಿಸುತ್ತಾರೆ. "ರಸ್ತೆಯಲ್ಲಿ ದಟ್ಟಣೆ ಇತ್ತು ಎಂಬ ತಮ್ಮ ಹೇಳಿಕೆ ಸುಳ್ಳೆಂದು ಲಗತ್ತಿಸಿದ ದಾಖಲೆಯಿಂದ ತಿಳಿಯುತ್ತದೆ" ಎಂದು ಬರೆದಿತ್ತು. ಲೆಕ್ಕದಕ್ಕ ಪುಟ ತಿರುವಿದಳು. ಅದು ವಾಹನ ಎಣಿಕೆಯ ಹಾಳೆ. ಕೆಳಗೆ ಅವಳದೇ ದುಂಡು ಸಹಿ.

ಗಂಡನನ್ನು ಸುಳ್ಳುಗಾರ ಎಂದು ಬರೆದುಕೊಟ್ಟವಳು ತಾನೇ!

"ನಾನು ಗೇಟಲ್ಲಿ ಕೂತ್ರೆ ಸತ್ತೇ ಹೋಗ್ತೀನಿ ಕಣೇ" ಎಂದ ಅವನು. ಬೈದಿದ್ದರೆ ಚೆನ್ನಾಗಿತ್ತು.

ಅವಳು ಹಾಳೆಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹತ್ತು ಸಲ ನೋಡಿದಳು. ಕಾರು ಸರಿ. ಬೈಕು ಸರಿ. ಬಸ್ಸಿನ ಕಡೆ ಮೂರು ಗೀಟು. ಮೂರೇ?

"ರೀ, ಎಂಟರಿಂದ ಒಂಬತ್ತರೊಳಗೆ ನಿಮ್ಮ ರಸ್ತೇಲಿ ಎಷ್ಟು ಬಸ್ಸು ಸಿಗ್ನಲ್ ದಾಟ್ಬೇಕು?"

"ಐದು. ಹೋದ ವರ್ಷಾನೂ ಐದೇ."

"ನನ್ನ ಲೆಕ್ಕದಲ್ಲಿ ಮೂರೇ ಇದೆಯಲ್ಲ! ಮೂರು ದಿನವೂ ಮೂರೇ! ಉಳಿದೆರಡು ಎಲ್ಲಿ ಹೋದ್ವು, ಆವಿಯಾದ್ವಾ?" ಎಂದವಳೇ ಕೈಯಲ್ಲಿದ್ದ ಸೌಟನ್ನು ಕಟ್ಟೆಗೆ ಕುಕ್ಕಿದಳು. "ಅಯ್ಯೋ ನನ್ನ ಬುದ್ಧಿಗಿಷ್ಟು! ಅವು ತಿರುವಿನ ಹಿಂದೆ ನಿಂತಿದ್ವು ಕಣ್ರೀ! ಗೆರೆ ದಾಟಿದ್ದನ್ನ ಎಣಿಸಿದೆ. ದಾಟೋಕೆ ಆಗದೆ ನಿಂತಿದ್ದನ್ನ ಯಾರು ಎಣಿಸ್ತಾರೆ?"

ಇಷ್ಟೇ ನೋಡಿ ವಿಷಯ. ರಸ್ತೆ ಎಷ್ಟು ಕಟ್ಟಿಕೊಂಡರೆ ಗೆರೆ ದಾಟುವ ಗಾಡಿ ಅಷ್ಟು ಕಡಿಮೆ, ಹಾಳೆಯಲ್ಲಿ ರಸ್ತೆ ಅಷ್ಟು ಖಾಲಿ! ರಸ್ತೆ ಖಾಲಿ ಎಂದು ಆಮೇಲೆ ಹಸಿರು ದೀಪದ ಹೊತ್ತನ್ನೂ ಇಪ್ಪತ್ತೆರಡು ಸೆಕೆಂಡಿಗೆ ಇಳಿಸಿದ್ದರು. ಕತ್ತು ಹಿಸುಕುವವನ ಕೈಗೇ ಇವಳು ಹಗ್ಗ ಕೊಟ್ಟ ಹಾಗಾಗಿತ್ತು.

ಮಂಗಳವಾರ ಕಚೇರಿಯ ಬಾಗಿಲು ತೆರೆಯುವ ಮೊದಲೇ ಅವಳು ಮೆಟ್ಟಿಲ ಮೇಲಿದ್ದಳು. ಸಂಶೋಧನೆಯ ಮುಖ್ಯಸ್ಥೆಯನ್ನು ಎಲ್ಲರೂ ಕರೆಯುವುದು ಡಾಕ್ಟರಮ್ಮ ಎಂದು, ಸೂಜಿ ಚುಚ್ಚದ ಡಾಕ್ಟರು. ಎಲ್ಲವನ್ನೂ ಕೇಳಿಸಿಕೊಂಡ ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು.

"ಅಕ್ಕ, ನಿಮ್ಮ ಯಜಮಾನರ ವಿಷಯ ಅಂತ ಹೇಳ್ತಿಲ್ಲ ತಾನೆ?"

"ಅವರ ವಿಷಯವೇ ಮೇಡಂ, ಯಾಕೆ ಮುಚ್ಚಿಡ್ಲಿ? ಆದ್ರೆ ಎರಡು ಬಸ್ಸು ಕಾಣೆಯಾಗಿದ್ದು ನಿಜ. ನಾಳೆ ನನ್ನ ಜೊತೆ ಬನ್ನಿ, ಗೆರೆ ಬಿಟ್ಟು ಹಿಂದಕ್ಕೆ ನಡೆಯೋಣ."

ಬುಧವಾರ ಎಂಟೂವರೆಗೆ ಇಬ್ಬರೂ ನಡೆದರು. ತಿರುವು ದಾಟಿದ್ದೇ ತಡ, ಡಾಕ್ಟರಮ್ಮ "ಅಬ್ಬಬ್ಬಾ!" ಎಂದು ನಿಂತುಬಿಟ್ಟರು. ಕಣ್ಣು ಹಾಯಿಸಿದಷ್ಟು ದೂರ ಗಾಡಿಗಳು. ಲೆಕ್ಕದಕ್ಕ ಒತ್ತುತ್ತ ಹೋದಳು. ಟಕ್, ಟಕ್, ಟಕ್. ನೂರ ಅರವತ್ತಮೂರು! ಕೊನೆಕೊನೆಗೆ ಒಂದು ಬಸ್ಸು, ಅದರ ಕಿಟಕಿಯಿಂದ ಗಂಡನ ತಲೆ ಹೊರಗೆ ಬಂತು.

"ಏ, ನೀನೇನೇ ಇಲ್ಲಿ?"

ಡಾಕ್ಟರಮ್ಮ ಬಾಯಿಯ ಮೇಲೆ ಬೆರಳಿಟ್ಟರು. ಎಣಿಕೆ ನಡೆಯುತ್ತಿದೆ ಎಂದು ಡ್ರೈವರಿಗೆ ಗೊತ್ತಾದರೆ ಅವನು ಬೇರೆ ರೀತಿ ಓಡಿಸುತ್ತಾನೆ, ಫಲಿತಾಂಶ ಕೆಡುತ್ತದೆ ಎಂಬುದು ಅವರ ನಿಯಮ. ಲೆಕ್ಕದಕ್ಕ ಯಾರೋ ಎಂಬಂತೆ ಮುಖ ತಿರುಗಿಸಿ ಮುಂದೆ ಹೋದಳು. ಅವನು ಬಾಯಿ ಬಿಟ್ಟುಕೊಂಡು ನೋಡಿದ.

ಸಿಗ್ನಲ್ ಕಚೇರಿಯವರ ಬೆನ್ನು ಹತ್ತಿ ಡಾಕ್ಟರಮ್ಮ ಒಂದೇ ಒಂದು ಗಂಟೆ ಗಿಟ್ಟಿಸಿದರು. ಗುರುವಾರ ಎಂಟರಿಂದ ಒಂಬತ್ತು, ಆಸ್ಪತ್ರೆ ರಸ್ತೆಗೆ ನಲವತ್ತು ಸೆಕೆಂಡು ಹಸಿರು. ಕೆಟ್ಟರೆ ಮತ್ತೆ ಕೇಳುವ ಹಾಗಿಲ್ಲ.

ಮೊದಲ ಹತ್ತು ನಿಮಿಷ ಲೆಕ್ಕದಕ್ಕನ ಜೀವ ಬಾಯಿಗೆ ಬಂದಿತ್ತು. ಅಡ್ಡಲಾಗಿ ಹೋಗುವ ಮುಖ್ಯ ರಸ್ತೆಗೆ ಹಸಿರು ಕಡಿಮೆಯಾಗಿ ಅಲ್ಲಿ ಸಾಲು ಬೆಳೆಯಿತು, ಹಾರನ್ನುಗಳು ಬೊಬ್ಬೆ ಹಾಕಿದವು. ಸಿಗ್ನಲ್ ಕಚೇರಿಯಿಂದ ಫೋನು ಬಂತು. "ಮೇಡಂ, ಹಳೇದಕ್ಕೆ ತಿರುಗಿಸಿಬಿಡ್ಲಾ?"

"ಇನ್ನು ಹತ್ತು ನಿಮಿಷ. ನಿಮಗೆ ಕೈ ಮುಗೀತೀನಿ!"

ಆಗ ಆಯಿತು ನೋಡಿ ಮಜಾ. ಇಷ್ಟು ದಿನ ಆಸ್ಪತ್ರೆ ರಸ್ತೆಯವರು ಕಾದು ಕಾದು ರೋಸಿ, ಕೆಂಪು ಬಿದ್ದ ಮೇಲೂ ನುಗ್ಗಿ ನಡುರಸ್ತೆಯಲ್ಲಿ ಸಿಕ್ಕಿಕೊಳ್ಳುತ್ತಿದ್ದರು. ಅಡ್ಡ ಬಂದವರಿಗೆ ತಾಗಿಸಿಕೊಂಡದ್ದೂ ಉಂಟು. ಈಗ ಸರದಿ ಬರುತ್ತದೆಂದು ಗೊತ್ತಾಗಿ ಯಾರೂ ನುಗ್ಗಲಿಲ್ಲ. ನಡುರಸ್ತೆ ತೆರವಾಯಿತು, ಮುಖ್ಯ ರಸ್ತೆಯೂ ಹರಿಯತೊಡಗಿತು! ಹಾರನ್ನುಗಳು ಒಂದೊಂದಾಗಿ ಬಾಯಿ ಮುಚ್ಚಿದವು. ಲೆಕ್ಕದಕ್ಕನ ಹೆಬ್ಬೆರಳಿಗೆ ಪುರುಸೊತ್ತಿಲ್ಲ. ಮುನ್ನೂರು ದಾಟಿತು. ನಾನೂರು ದಾಟಿತು. ಬಸ್ಸು ಒಂದು, ಎರಡು, ಮೂರು.

ಗಂಡನ ಬಸ್ಸು ಎಂಟು ನಲವತ್ತೆರಡಕ್ಕೆ ದಾಟಬೇಕು. ನಲವತ್ತೊಂದಾಯಿತು. ನಲವತ್ತೆರಡೂ ಆಯಿತು. ನಲವತ್ಮೂರಕ್ಕೆ ತಿರುವಿನಲ್ಲಿ ಬಸ್ಸಿನ ಮೂತಿ ಕಂಡಿತು. ಹಸಿರು ಇನ್ನೂ ಉರಿಯುತ್ತಿತ್ತು. ಬಸ್ಸು ನಿಲ್ಲದೆ ಗೆರೆ ದಾಟಿ ಹೊರಟೇಹೋಯಿತು. ಅವಳು ಎದ್ದು ಕುಣಿದೇಬಿಟ್ಟಳು!

"ಅಕ್ಕ, ಎಣಿಕೆ!" ಎಂದು ಕೂಗಿದ ಡಾಕ್ಟರಮ್ಮ ತಾವೇ ಯಂತ್ರ ಕಿತ್ತುಕೊಂಡು ಒತ್ತತೊಡಗಿದರು. ಅವರೂ ನಗುತ್ತಿದ್ದರು. ಒಂಬತ್ತರೊಳಗೆ ಐದನೇ ಬಸ್ಸೂ ದಾಟಿತು.

ಮಧ್ಯಾಹ್ನ ವರದಿ ಬರೆಯುವಾಗ ಡಾಕ್ಟರಮ್ಮ ಹೇಳಿದರು, "ನಮ್ಮ ವಿಧಾನವೇ ತಪ್ಪಿತ್ತು ಅಂತ ನಾನು ಬರೀತೀನಿ. ನಿಮ್ಮ ಹೆಸರು ಬೇಡ."

"ಆ ಹಾಳೆಗೆ ಸಹಿ ಹಾಕಿದ್ದು ನಾನು ಮೇಡಂ. ಇದಕ್ಕೂ ನಾನೇ ಹಾಕ್ತೀನಿ."

ತನ್ನ ಎಣಿಕೆ ರಸ್ತೆಯ ನಿಜಸ್ಥಿತಿ ತೋರಿಸಲಿಲ್ಲ ಎಂದು ಬರೆದು ಅವಳು ಕೆಳಗೆ ಅದೇ ದುಂಡು ಸಹಿ ಹಾಕಿದಳು. ಹದಿನಾಲ್ಕು ವರ್ಷದ ಹೆಮ್ಮೆ, ನೋವಾಗದೆ ಇರುತ್ತದೆಯೇ? ಶುಕ್ರವಾರ ಬೆಳಿಗ್ಗೆ ವರದಿ ಡಿಪೋ ತಲುಪಿತು.

ಅಂದು ಸಂಜೆ ಗಂಡ ಬಂದ. ಬಾಗಿಲಲ್ಲೇ ಇವಳು ತಡೆದಳು. "ಏನಾಯ್ತು ಹೇಳ್ರೀ, ಪ್ರಾಣ ಹೋಗ್ತಿದೆ!"

"ನಾಳೆ ಅದೇ ಬಸ್ಸು, ಅದೇ ಸ್ಟೀರಿಂಗು."

ಅವಳು ಗೋಡೆಗೊರಗಿದಳು. ಅವನು ನಿಧಾನಕ್ಕೆ ಚಪ್ಪಲಿ ಬಿಟ್ಟ.

"ಸಾಹೇಬ್ರು ಎರಡು ಹಾಳೇನೂ ಪಕ್ಕಪಕ್ಕ ಇಟ್ಟು, ಎರಡರಲ್ಲೂ ಒಂದೇ ಸಹಿ ಇದೆಯಲ್ಲ, ಯಾರಿವರು ಅಂದ್ರು. ನನ್ನ ಹೆಂಡ್ತಿ ಸಾರ್ ಅಂದೆ. ಹಾಗಾದ್ರೆ ನಿಮ್ಮ ಹೆಂಡ್ತಿ ಮೊದಲು ಎಣಿಸಿದ್ದು ತಪ್ಪಾ ಅಂತ ಕೇಳಿದ್ರು."

"ನೀವೇನಂದ್ರಿ?"

"ಅವಳು ಎಣಿಸಿದ್ರಲ್ಲಿ ಒಂದೂ ತಪ್ಪಿಲ್ಲ ಸಾರ್, ನಮ್ಮ ಎರಡು ಬಸ್ಸು ಅವಳ ತನಕ ಬಂದೇ ಇರ್ಲಿಲ್ಲ, ಅಂದೆ."